350 ಓಮ್ ಮತ್ತು ಅಪ್ಪನ ಬ್ಯಾಟರಿ

ನಿನ್ನೆ ರಾತ್ರಿ 11 ಗಂಟೆಗೆ ನಮ್ಮ ಊಟದ ಟೇಬಲ್ ಮೇಲೆ 12 ಎಲ್‌ಇಡಿಗಳು ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ನಮ್ಮಪ್ಪ, ಕೈಯಲ್ಲಿ 9 ವೋಲ್ಟಿನ ಬ್ಯಾಟರಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಮಕ್ಕಳ ಪ್ರಾಜೆಕ್ಟ್ ಅಂದರೆ ಯಾರ ಪ್ರಾಜೆಕ್ಟ್ ಅಂತ ನಿಮಗೆ ಗೊತ್ತೇ ಇದೆ. ಥರ್ಮಾಕೋಲಿನ ಟ್ರಾಫಿಕ್ ಸಿಗ್ನಲ್. ಮೂರು ಬಣ್ಣದ ದೀಪ, ಮೂರು ಸ್ವಿಚ್, ಒಂದು ಬ್ಯಾಟರಿ. ಇದೇನು ಮಹಾ, ಅಂದುಕೊಂಡೆ. ಬ್ಯಾಟರಿ 9 ವೋಲ್ಟ್. ಕೆಂಪು ಎಲ್‌ಇಡಿಗೆ ಸುಮಾರು 2 ಸಾಕು. ಮಿಕ್ಕ 7 ವೋಲ್ಟನ್ನು ರೆಸಿಸ್ಟರ್, ಅಂದರೆ ಕರೆಂಟ್ ಜಾಸ್ತಿ ಹರಿದು ಎಲ್‌ಇಡಿ ಸುಡದ ಹಾಗೆ ತಡೆಯುವ ಪುಟ್ಟ ಬಿಡಿಭಾಗ, ನೋಡಿಕೊಳ್ಳಬೇಕು. ಹರಿಯಬೇಕಾದದ್ದು 20 ಮಿಲಿಆಂಪ್, ಅಂದರೆ 0.02 ಆಂಪ್. 7ನ್ನು 0.02ರಿಂದ ಭಾಗಿಸಿದರೆ 350 ಓಮ್, ರೆಸಿಸ್ಟರಿನ ತಡೆಯನ್ನು ಅಳೆಯುವುದು ಓಮಿನಲ್ಲಿ. ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು, ಕೆಳಗೆ ಎರಡು ಗೆರೆ ಎಳೆದು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ.

350 ಓಮ್ ಇಲ್ಲ. ಮುಗಿದಿದೆ ಅಂತಲ್ಲ, ಅಂಗಡಿಯಲ್ಲಿ ಅಂಥದ್ದು ಇಡುವುದೇ ಇಲ್ಲ. ಸಾಮಾನ್ಯವಾಗಿ ಸಿಗುವ ಸರಣಿಯಲ್ಲಿ 270 ಆದಮೇಲೆ 330, ಅದಾದಮೇಲೆ 390. ನಮ್ಮ ಬಸ್ಸಿನ ಸ್ಟಾಪುಗಳ ಹಾಗೆ, ನಮ್ಮ ಮನೆ ಯಾವಾಗಲೂ ಎರಡರ ಮಧ್ಯೆ. "390 ಹಾಕಿ ಸಾರ್, ಬೆಳಕು ಒಂಚೂರು ಕಮ್ಮಿ ಆದ್ರೆ ಕಣ್ಣಿಗೇನು ಗೊತ್ತಾಗುತ್ತಾ?" ಅಂದ ಅಂಗಡಿಯ ಹುಡುಗ. ಅವನು ಹೇಳಿದ್ದು ನಿಜ, 18 ಮಿಲಿಆಂಪಿಗೂ 20ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಇನ್ನೂ ಬೇಜಾರಾಯಿತು. ಅಷ್ಟು ಚೆಂದ ಲೆಕ್ಕ ಮಾಡಿದ್ದೆ.

ಕೊನೆಗೆ 390ರವನ್ನೇ ಕೊಂಡು, ಮನೆಗೆ ಬಂದು ಹಳೇ ಡಬ್ಬಿಗೆ ಸುರಿದದ್ದು ನನ್ನದೇ ತಪ್ಪು. ಅದರಲ್ಲಿ ಮೊದಲೇ 3,900 ಓಮಿನವು ಇದ್ದವು. ರೆಸಿಸ್ಟರ್ ಎಷ್ಟು ಓಮಿನದು ಅಂತ ಅದರ ಬಣ್ಣದ ಪಟ್ಟಿಗಳೇ ಹೇಳಬೇಕು. 390ಕ್ಕೆ ಕಿತ್ತಳೆ, ಬಿಳಿ, ಕಂದು ಪಟ್ಟಿ. 3,900ಕ್ಕೆ ಕಿತ್ತಳೆ, ಬಿಳಿ, ಕೆಂಪು. ಅಕ್ಕಿಕಾಳಿಗಿಂತ ಒಂಚೂರು ದಪ್ಪಗಿರುವ ಮೈಮೇಲೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ನಲವತ್ತೈದು ದಾಟಿದವನಿಗೆ ಕಂದು ಯಾವುದು ಕೆಂಪು ಯಾವುದು? ಹೆಂಡತಿಯನ್ನು ಕರೆದೆ. ಬೆಳಕಿಗೆ ಹಿಡಿದು ನೋಡಿ, "ಎರಡೂ ಅಲ್ಲ ರೀ, ಇದು ಮೆರೂನ್" ಅಂದಳು.

ನಾನು ಭೂತಗನ್ನಡಿ ಹುಡುಕಲು ರೂಮಿಗೆ ಹೋದ ಆ ಹತ್ತು ನಿಮಿಷದಲ್ಲೇ ಅಪ್ಪ ಕೆಲಸಕ್ಕೆ ಕೂತಿದ್ದು.

ಅಪ್ಪ ಯಾವುದನ್ನೂ ಪರೀಕ್ಷೆ ಮಾಡದೆ ಒಳಗೆ ಸೇರಿಸಿದವರಲ್ಲ. ತೆಂಗಿನಕಾಯಿ ಕಿವಿ ಹತ್ತಿರ ಅಲ್ಲಾಡಿಸಬೇಕು. ಬೆಂಡೆಕಾಯಿ ತುದಿ ಮುರಿಯಬೇಕು. ಬಲ್ಬನ್ನು ಅಂಗಡಿಯವನು ಹೋಲ್ಡರಿಗೆ ಹಾಕಿ ಉರಿಸಿ ತೋರಿಸಬೇಕು. ನಾನು ಎಲ್‌ಇಡಿಗಳನ್ನು ಹಾಗೇ ಪೊಟ್ಟಣದಲ್ಲಿ ತಂದದ್ದು ಅವರಿಗೆ ಸಂಜೆಯಿಂದ ತಡೆದಿರಲಿಲ್ಲ.

ನಾನು ವಾಪಸ್ ಬಂದಾಗ ಒಂದೊಂದನ್ನೇ ನೇರವಾಗಿ ಬ್ಯಾಟರಿಗೆ ಮುಟ್ಟಿಸುತ್ತಿದ್ದರು. ರೆಸಿಸ್ಟರ್ ಇಲ್ಲ, ಏನಿಲ್ಲ. ಎಲ್‌ಇಡಿ ಒಂದು ಕ್ಷಣ ದೀಪಾವಳಿಯ ಹಾಗೆ ಹೊಳೆಯುವುದು. "ಆಹಾ, ಎಷ್ಟು ಪ್ರಖರ!" ಅನ್ನುವಷ್ಟರಲ್ಲಿ ಕತ್ತಲೆ. "ಥೂ, ಇದೂ ಡಿಫೆಕ್ಟು." ಪಕ್ಕಕ್ಕೆ. ಮುಂದಿನದು. ಹೊಳೆಯಿತು, ಆಹಾ, ಥೂ, ಪಕ್ಕಕ್ಕೆ. ನಾನು ಬಾಯಿ ಬಿಡುವ ಹೊತ್ತಿಗೆ ಕೊನೆಯ ಹಳದಿಯೂ ಹೋಯಿತು.

"ಅಂಗಡಿಯವನು ನಿನಗೆ ಟೋಪಿ ಹಾಕಿದ್ದಾನೆ ಕಣೋ. ಒಂದೂ ನಿಲ್ಲೋದಿಲ್ಲ."

"ಅಪ್ಪಾ, ರೆಸಿಸ್ಟರ್ ಹಾಕಬೇಕು."

"ಜಾತ್ರೆಯಲ್ಲಿ ಮಾರ್ತಾರಲ್ಲ ಮಿಣಮಿಣ ಉಂಗುರ, ಅದರಲ್ಲಿ ಎಲ್ಲಿದೆ ರೆಸಿಸ್ಟರು?"

ಅದರಲ್ಲಿರುವುದು ಗುಂಡಿಯಂಥ ಪುಟ್ಟ ಸೆಲ್. ಜಾಸ್ತಿ ಕರೆಂಟ್ ಕೊಡುವ ತಾಕತ್ತೇ ಅದಕ್ಕಿಲ್ಲ, ಅದರ ಬಡತನವೇ ರೆಸಿಸ್ಟರ್. ಇದನ್ನು ರಾತ್ರಿ 11 ಗಂಟೆಗೆ ಹೇಗೆ ಹೇಳೋದು? ಸುಮ್ನೆ ಕೂತೆ.

ಚಿಕ್ಕವನಿದ್ದಾಗ ಕರೆಂಟ್ ಹೋದರೆ ಇದೇ ಅಪ್ಪ ಎರಡು ಸೆಲ್ ಜೋಡಿಸಿ, ವೈರನ್ನು ಹಲ್ಲಲ್ಲಿ ಸುಲಿದು, ಟಾರ್ಚಿನ ಬಲ್ಬ್ ಮುಟ್ಟಿಸಿ ಬೆಳಕು ಮಾಡುತ್ತಿದ್ದರು. ಆ ಬಲ್ಬಿನ ತಂತಿಯೇ ಕರೆಂಟನ್ನು ತಡೆಯುತ್ತಿತ್ತು, ಬೇರೆ ಲೆಕ್ಕ ಬೇಕಿರಲಿಲ್ಲ. ಅಪ್ಪ ಮುಟ್ಟಿಸಿದರೆ ಹತ್ತುತ್ತಿತ್ತು, ಅಷ್ಟೇ. ಆ ಹಳದಿ ಬೆಳಕಲ್ಲಿ ನಾನು ಮಗ್ಗಿ ಹೇಳುತ್ತಿದ್ದೆ.

ಸಾಲಿನ ತುದಿಯಲ್ಲಿ ಒಂದು ಕೆಂಪು ಎಲ್‌ಇಡಿ ಬೇರೆ ಮಲಗಿತ್ತು. "ಅದು ಹತ್ತಲೇ ಇಲ್ಲ, ಹುಟ್ಟಾ ಹಾಳು" ಅಂದರು. ಪ್ಲಸ್ಸಿಗೆ ಹೋಗಬೇಕಾದ ಉದ್ದ ಕಾಲನ್ನು ಮೈನಸ್ಸಿಗೆ ಮುಟ್ಟಿಸಿದ್ದರು, ಹೇಗೆ ಹತ್ತೀತು? ತಿರುಗಿಸಿ, ಮೆರೂನ್ ಪಟ್ಟಿಯ ರೆಸಿಸ್ಟರ್ ಒಂದನ್ನು ದೇವರ ಮೇಲೆ ಭಾರ ಹಾಕಿ ಜೋಡಿಸಿದೆ. ಹತ್ತಿತು. ನಿಂತಿತು. ಕೆಂಪು ಮಾತ್ರ ಉರಿಯುವ ಟ್ರಾಫಿಕ್ ಸಿಗ್ನಲ್. ಬೆಂಗಳೂರಿನ ಮಟ್ಟಿಗೆ ಯಾರೂ ತಪ್ಪು ಹುಡುಕಲಾರರು.

ಅಪ್ಪ ಬಗ್ಗಿ ನೋಡಿದರು. "ಅದಕ್ಕೇ ಅಲ್ವಾ ನಾನು ಅದನ್ನ ಬೇರೆ ತೆಗೆದಿಟ್ಟಿದ್ದು" ಅಂತ ಹೇಳಿ ಮಲಗಲು ಹೋದರು.