ಕರಿನೀರಿನ ಶಿಕ್ಷೆ

ಒಂದು ಲೋಟ. ಅದರಲ್ಲಿ ಕಪ್ಪಗೆ ಏನೋ ಇದೆ. ಏನದು? ಡಿಕಾಕ್ಷನ್ ಅಂತೀರಾ? ತಪ್ಪು. ಕೋಲಾ? ಅದೂ ತಪ್ಪು. ರಮ್ಮು ಅಂತ ಮನಸ್ಸಿನಲ್ಲೇ ಅಂದುಕೊಂಡವರು ಎದ್ದು ಬೆಂಚಿನ ಮೇಲೆ ನಿಲ್ಲಿ. ಸರಿಯುತ್ತರ: ಕಪ್ಪು ನೀರು.

ಉತ್ತರ ನನ್ನದಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಲಿಬರ್ಟಿ ವಿಶ್ವವಿದ್ಯಾಲಯದ ಅಧ್ಯಕ್ಷ ಜೆರ್ರಿ ಫಾಲ್ವೆಲ್ ಜೂನಿಯರ್ ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ಹಾಕಿದರು. ಜಾಗ, ವಿಹಾರದ ದೋಣಿ. ಪ್ಯಾಂಟಿನ ಜಿಪ್ ಅರ್ಧ ಇಳಿದಿದೆ, ಹೊಟ್ಟೆ ಗಾಳಿಗೆ ಬಿಟ್ಟಿದೆ. ಒಂದು ಕೈ ಪಕ್ಕದ ಹೆಣ್ಣುಮಗಳ ಸೊಂಟದ ಮೇಲೆ. ಆಕೆ ಅವರ ಹೆಂಡತಿಯಲ್ಲ. ಇನ್ನೊಂದು ಕೈಯಲ್ಲಿ ಲೋಟ. ಅಡಿಯಲ್ಲಿ ಒಂದು ಒಕ್ಕಣೆ: ಆಣೆ ಮಾಡಿ ಹೇಳ್ತೀನಿ, ಲೋಟದಲ್ಲಿರೋದು ಬರೀ ಕಪ್ಪು ನೀರು, ಸುಮ್ನೆ ವೇಷಕ್ಕೆ ಅಂತ ಹಿಡಿದದ್ದು.

ಯಾರೂ ಕೇಳಿರಲಿಲ್ಲ ನೋಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮಗೆ ಗೊತ್ತು. ಇವರು ಯಾರಾದರೂ ಬಾಯಿ ತೆರೆಯುವ ಮೊದಲೇ ಟವೆಲ್ ತಗೊಂಡು ಹೆಗಲು ಒರೆಸಿಕೊಂಡರು.

ಅಷ್ಟೊಂದು ಅವಸರ ಯಾಕೆ ಅಂದರೆ, ಅವರ ವಿಶ್ವವಿದ್ಯಾಲಯದಲ್ಲಿ 'ಲಿಬರ್ಟಿ ವೇ' ಅಂತ ಒಂದು ನಿಯಮಾವಳಿ ಇದೆ. ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ 1971ರಲ್ಲಿ ಇವರ ಅಪ್ಪ, ಹೆಸರಾಂತ ಪಾದ್ರಿ ಜೆರ್ರಿ ಫಾಲ್ವೆಲ್, ಕಟ್ಟಿದ ಸಂಸ್ಥೆ ಅದು. ವಿದ್ಯಾರ್ಥಿ ಕುಡಿಯುವ ಹಾಗಿಲ್ಲ. ಮದುವೆಗೆ ಮುಂಚೆ ದೈಹಿಕ ಸಂಬಂಧ ಇಟ್ಟುಕೊಳ್ಳುವ ಹಾಗಿಲ್ಲ. ಉಡುಪು ಮರ್ಯಾದೆಯಾಗಿರಬೇಕು. ತಪ್ಪಿದರೆ ದಂಡ. ಕ್ಯಾಂಪಸ್ ಗೇಟು ದಾಟಿದೆ, ಇನ್ನು ನಾನು ಸ್ವತಂತ್ರ ಅನ್ನೋಕೂ ಇಲ್ಲ. ಊರು ಬಿಟ್ಟು ಹೋದರೂ ನಿಯಮ ಬೆನ್ನಿಗೇ ಬರುತ್ತದೆ. ಸಂಸ್ಥೆಯ ಹೆಸರಿನ ಅರ್ಥ ಮಾತ್ರ ಸ್ವಾತಂತ್ರ್ಯ.

ಆದರೆ ಜೂನಿಯರ್ ಬುದ್ಧಿವಂತರು. ಫೋಟೋ ಹಾಕುವ ಒಂದು ವರ್ಷ ಮೊದಲೇ, ನಾನು ಯಾವತ್ತೂ ಪಾದ್ರಿ ಆಗಿರಲಿಲ್ಲ, ವಕೀಲ, ರಿಯಲ್ ಎಸ್ಟೇಟ್ ಮನುಷ್ಯ ಅಂತ ಟ್ವೀಟ್ ಮಾಡಿ ಇಟ್ಟಿದ್ದರು. ನಿರೀಕ್ಷಣಾ ಜಾಮೀನು ಅನ್ನೋದು ಇದಕ್ಕೇ ಇರಬೇಕು. ಆಮೇಲೆ ಸ್ಥಳೀಯ ರೇಡಿಯೋದಲ್ಲಿ ವಿವರಣೆಯನ್ನೂ ಕೊಟ್ಟರು. ಆ ಹೆಣ್ಣುಮಗಳು ಬಸುರಿ, ಅದಕ್ಕೇ ಪ್ಯಾಂಟಿನ ಜಿಪ್ ಹಾಕೋಕೆ ಆಗುತ್ತಿರಲಿಲ್ಲ. ತಮ್ಮದು ಹಳೇ ಜೀನ್ಸು, ತುಂಬ ದಿನದಿಂದ ಹಾಕಿರಲಿಲ್ಲ, ಅದರ ಜಿಪ್ಪೂ ಮೇಲೇರಲಿಲ್ಲ. ಹಾಗಾಗಿ ತಾವೂ ಹೊಟ್ಟೆ ಮುಂದೆ ಮಾಡಿ ನಿಂತರಂತೆ. ಹಳೇ ಪ್ಯಾಂಟು ಯಾರಿಗೆ ತಾನೆ ಹಿಡಿಸುತ್ತದೆ ಹೇಳಿ. ಆ ಮಟ್ಟಿಗೆ ನನಗೆ ಅವರ ಮೇಲೆ ಪೂರ್ತಿ ಸಹಾನುಭೂತಿ ಇದೆ.

ಕೆಲವೇ ದಿನಗಳಲ್ಲಿ ರಜೆ, ತಿಂಗಳು ಮುಗಿಯುವುದರೊಳಗೆ ಇನ್ನೊಂದು ಹಗರಣ, ರಾಜೀನಾಮೆ. ಬ್ರಿಟಿಷರ ಕಾಲದಲ್ಲಿ ಕರಿನೀರಿನ ಶಿಕ್ಷೆ ಅಂದರೆ ಅಂಡಮಾನು, ಗಾಣ ತಿರುಗಿಸೋದು. ಇವರಿಗೆ ಸಿಕ್ಕ ಕರಿನೀರಿನ ಶಿಕ್ಷೆ, ಹೋಗುವಾಗ ಕೈಸೇರುವ 1 ಕೋಟಿ 5 ಲಕ್ಷ ಡಾಲರ್. ಲೆಕ್ಕ ಕೊಟ್ಟವರು ಅವರೇ.

ನಾನಿದ್ದ ಹಾಸ್ಟೆಲ್ ನೆನಪಾಯಿತು. ರಾತ್ರಿ ಎಂಟೂವರೆಗೆ ಹಾಜರಿ. ವಾರ್ಡನ್ ಸಾರ್ ಟಾರ್ಚು ಹಿಡಿದು ಮಂಚದ ಕೆಳಗೂ ಬೆಳಕು ಬಿಡುತ್ತಿದ್ದರು. ಒಂದಿನ ದಿಂಬಿಗೆ ಹೊದಿಕೆ ಹೊದಿಸಿ ಸೆಕೆಂಡ್ ಶೋಗೆ ಹೋದೆವು. ಇಂಟರ್ವಲ್‌ನಲ್ಲಿ ನೋಡಿದರೆ ಸಾರ್ ಅಲ್ಲೇ ಬೋಂಡಾ ತಿನ್ನುತ್ತಾ ನಿಂತಿದ್ದಾರೆ. ಅವರು ನಮ್ಮನ್ನು ನೋಡಲಿಲ್ಲ, ನಾವು ಅವರನ್ನು ನೋಡಲಿಲ್ಲ. ಎಂಥ ಸಜ್ಜನರು. ಫೋಟೋ ತೆಗೆದು ಊರಿಗೆಲ್ಲ ಹಂಚಲಿಲ್ಲ.

ಇನ್ನು ಗಡ್ಡದ ವಿಷಯ. ಅಮೆರಿಕದ್ದೇ ಯೂಟಾ ರಾಜ್ಯದ ಪ್ರೊವೊದಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದೆ. ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಚರ್ಚಿನದು, 1875ರದ್ದು. ಅಲ್ಲಿ ಹುಡುಗರು ಗಡ್ಡ ಬಿಡುವಂತಿಲ್ಲ. ಮೀಸೆ ಬಿಡಬಹುದು, ಆದರೆ ಬಾಯಿಯ ಅಂಚು ದಾಟಬಾರದು ಅಂತ ಮೊನ್ನೆಮೊನ್ನೆಯವರೆಗೂ ನಿಯಮದಲ್ಲಿ ಬರೆದಿತ್ತು. ಅಂದರೆ ಯಾರೋ ಒಬ್ಬರು ಸಂಬಳ ತಗೊಂಡು, ಮೀಟಿಂಗಿನಲ್ಲಿ ಕೂತು, ಬಾಯಿಯ ಗಡಿಯನ್ನು ಸರ್ವೆ ಮಾಡಿದ್ದಾರೆ. ಎರಡು ದಿನದ ಗಡ್ಡ ಕಂಡರೆ ಪರೀಕ್ಷಾ ಕೇಂದ್ರದ ಬಾಗಿಲಿಂದಲೇ ವಾಪಸ್ ಕಳಿಸಿದ್ದೂ ಉಂಟು. ಕೆಮಿಸ್ಟ್ರಿ ಎಲ್ಲ ಬರುತ್ತೆ, ರೇಜರ್ ಮರೆತೆ, ಅಷ್ಟೇ.

ಇದೆಲ್ಲ ನಡೆಯುವುದು ಯಾರ ಕಣ್ಣೆದುರು ಗೊತ್ತಾ? ಕ್ಯಾಂಪಸ್ಸಿನಲ್ಲಿ ಸಾಕ್ಷಾತ್ ಬ್ರಿಗಮ್ ಯಂಗ್ ಅವರ ಪ್ರತಿಮೆ ನಿಂತಿದೆ. ಗಡ್ಡ ಸಮೇತ. ಆ ಮಹಾಶಯರು ಇವತ್ತು ಎದ್ದು ಬಂದು ತಮ್ಮ ಹೆಸರಿನ ಕಾಲೇಜಿಗೆ ಅರ್ಜಿ ಹಾಕಿದರೆ, ಮೊದಲು ಸಲೂನಿಗೆ ಹೋಗಿ ಬನ್ನಿ ಅನ್ನುತ್ತಾರೆ. ವಿನಾಯಿತಿ ಇಲ್ಲ ಅಂತಲ್ಲ. ಚರ್ಮದ ಕಾಯಿಲೆಗೆ ಇದೆ, ಧರ್ಮದ ಕಾರಣಕ್ಕೆ ಇದೆ, ನಾಟಕದಲ್ಲಿ ಪಾರ್ಟು ಮಾಡುವವರಿಗೂ ಇದೆ. ಹಾಗಾಗಿ ಬ್ರಿಗಮ್ ಯಂಗ್ ಪಾತ್ರಧಾರಿಗೆ ಗಡ್ಡದ ಪರವಾನಗಿ ಸಿಗಬಹುದು. ಅಸಲಿ ಬ್ರಿಗಮ್ ಯಂಗ್‌ಗೆ ಕಷ್ಟ.

ಕೆಫೀನ್ ಇರುವ ಕೋಲಾ ಕೂಡ ಆ ಕ್ಯಾಂಪಸ್ಸಿಗೆ ಮತ್ತೆ ಬಂದದ್ದು 2017ರಲ್ಲಿ. ಕಾಫಿ, ಟೀ ಈಗಲೂ ನಿಷಿದ್ಧ. ಫಿಲ್ಟರ್ ಕಾಫಿ ಕುಡಿಯದೆ ಕಣ್ಣೇ ಬಿಡದ ನಮ್ಮ ಹುಡುಗರು ಅಲ್ಲಿಗೆ ಎಂ.ಎಸ್. ಮಾಡೋಕೆ ಹೋದರೆ ಎರಡು ವರ್ಷವೂ ನಿದ್ದೆಯಲ್ಲೇ ಕಳೆದುಹೋಗುತ್ತದೆ.

ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದವರು ಇವರಿಗಿಂತ ಹಳಬರು, ಬ್ಯಾಪ್ಟಿಸ್ಟ್ ಅನ್ನುವ ಇನ್ನೊಂದು ಕ್ರೈಸ್ತ ಪಂಥದವರು. 1845ರಲ್ಲಿ ಶುರುವಾದ ಸಂಸ್ಥೆ, ಕ್ಯಾಂಪಸ್ಸಿನಲ್ಲಿ ಕುಣಿತಕ್ಕೆ ಅನುಮತಿ ಕೊಟ್ಟದ್ದು 1996ರಲ್ಲಿ. 151 ವರ್ಷ ಯಾರೂ ಕಾಲು ಎತ್ತಲಿಲ್ಲ. ಮೊದಲ ಹೆಜ್ಜೆ ಹಾಕಿದವರು ಅಧ್ಯಕ್ಷರು ಮತ್ತು ಅವರ ಹೆಂಡತಿ. ಆಕಾಶವೇನೂ ಬೀಳಲಿಲ್ಲ.

ಬಿದ್ದದ್ದು ಆಮೇಲೆ. ಬೇಲರ್‌ಗೆ 2010ರಲ್ಲಿ ಅಧ್ಯಕ್ಷರಾಗಿ ಬಂದವರು ಕೆನ್ ಸ್ಟಾರ್. ನೆನಪಿದೆಯಾ? 1998ರಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಕ್ಲಿಂಟನ್ ಸಾಹೇಬರ ಪ್ರೇಮ ಪ್ರಕರಣವನ್ನು ಭೂತಗನ್ನಡಿ ಹಿಡಿದು ನೋಡಿ, ಯಾವ ಉಡುಪಿನ ಮೇಲೆ ಯಾವ ಕಲೆ ಅನ್ನುವವರೆಗೂ ವರದಿ ಬರೆದ ತನಿಖಾಧಿಕಾರಿ. ಶ್ವೇತಭವನದ ಕೋಣೆಯೊಳಗೆ ನಡೆದದ್ದು ಅವರಿಗೆ ಕಂಡಿತ್ತು. ತಮ್ಮದೇ ಅಂಗಳದಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಹುಡುಗಿಯರು ಕೊಟ್ಟ ಅತ್ಯಾಚಾರದ ದೂರುಗಳು ಕಾಣಲಿಲ್ಲ. 2016ರ ಮೇನಲ್ಲಿ ಅಧ್ಯಕ್ಷಗಿರಿ ಹೋಯಿತು. ಭೂತಗನ್ನಡಿ ವಾಷಿಂಗ್‌ಟನ್‌ನಲ್ಲೇ ಮರೆತು ಬಂದಿದ್ದರೋ ಏನೋ.

ಇಲ್ಲಿಂದ ಮುಂದಕ್ಕೆ ನನಗೂ ನಗು ಬರುವುದಿಲ್ಲ. ಒಬ್ಬ ಹುಡುಗಿಯ ಮೇಲೆ ಹಲ್ಲೆ ಆಗಿದೆ ಅಂದುಕೊಳ್ಳಿ. ಅವಳು ಆಫೀಸಿಗೆ ಹೋಗಿ ದೂರು ಕೊಡಬೇಕು. ಅಲ್ಲಿ ಮೊದಲ ಪ್ರಶ್ನೆ, ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ? ಎರಡನೆಯದು, ಕುಡಿದಿದ್ದೆಯಾ? ಹೌದು ಅಂದರೆ ಮೊದಲ ಕೇಸು ಅವಳ ಮೇಲೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಲಿಬರ್ಟಿಗೆ 1 ಕೋಟಿ 40 ಲಕ್ಷ ಡಾಲರ್ ದಂಡ ಹಾಕಿತು. ಕ್ಯಾಂಪಸ್ ಅಪರಾಧಗಳನ್ನು ಮುಚ್ಚಿಡಬಾರದು ಅನ್ನುವ ಕ್ಲೆರಿ ಕಾಯ್ದೆಯಲ್ಲಿ ಅಷ್ಟು ದೊಡ್ಡ ದಂಡ ಅಲ್ಲಿಯವರೆಗೆ ಯಾರಿಗೂ ಬಿದ್ದಿರಲಿಲ್ಲ. ಲಿಬರ್ಟಿ ವೇ ಮುರಿದಿದ್ದೀಯ ಅಂತ ತಮ್ಮನ್ನೇ ಹಿಡಿದಾರು ಅನ್ನುವ ಭಯಕ್ಕೆ ಸಂತ್ರಸ್ತೆಯರು ಬಾಯಿ ಬಿಡುತ್ತಿರಲಿಲ್ಲ ಅಂತ ತನಿಖೆ ಹೇಳಿತು. ಗಡ್ಡ ಅಳೆಯುವವರ ಊರಿನಲ್ಲೂ ಇದೇ ಕಥೆ. ದೂರು ಕೊಟ್ಟ ಹುಡುಗಿಯರನ್ನೇ ನಿಯಮಾವಳಿ ಕಚೇರಿ ವಿಚಾರಣೆಗೆ ಕರೆಯಿತು, ಗಲಾಟೆ ಎದ್ದಿತು. 2016ರಲ್ಲಿ, ದೂರು ಕೊಟ್ಟವರಿಗೆ ಶಿಕ್ಷೆ ಇಲ್ಲ ಅಂತ ಘೋಷಿಸಿದರು. ಇದನ್ನು ಬೇರೆ ಘೋಷಿಸಬೇಕಾಯಿತು.

ಅದಿರಲಿ, ಜೂನಿಯರ್ ಅವರ ರೇಡಿಯೋ ಮಾತು ಒಂದು ಬಾಕಿ ಉಳಿದಿತ್ತು. ಇನ್ನು ಮೇಲೆ ಒಳ್ಳೇ ಹುಡುಗನಾಗಿ ಇರಲು ಪ್ರಯತ್ನಿಸ್ತೀನಿ ಅಂತ ತಮ್ಮ ಮಕ್ಕಳಿಗೆ ಮಾತು ಕೊಟ್ಟಿದ್ದಾರಂತೆ. ಆಗ ವಯಸ್ಸು 58. ಬಾಯಿಮಾತಲ್ಲಿ ಹೇಳಿದ್ದಷ್ಟೇ. ಸಹಿ ಏನೂ ಹಾಕಿಲ್ಲ.