ಪಿನ್ನೀಸು

ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಮಚ್ಚೆ ಅಲ್ಲ, ಮುಳ್ಳಿನ ತುದಿ. ಒಳಗೇ ಮುರಿದು ಉಳಿದುಬಿಟ್ಟಿದೆ, ಮೂವತ್ತು ವರ್ಷದ ಮೇಲಾಯಿತು. ನೋವೇನೂ ಇಲ್ಲ. ಆದರೆ ಕಾಲು ತೊಳೆಯುವಾಗ ಕೈಗೆ ತಾಕಿತೆಂದರೆ ಪಿನ್ನೀಸು ನೆನಪಾಗುತ್ತಾನೆ.

ಪಿನ್ನೀಸು ನಮ್ಮ ಓಣಿಯ ಹುಡುಗ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವರ ಮನೆ. ಅವನ ಅಂಗಿಗೆ ಮೇಲಿನ ಎರಡು ಗುಂಡಿ ಯಾವತ್ತೂ ಇರುತ್ತಿರಲಿಲ್ಲ, ಆ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು. ಅದಕ್ಕೆ ಅವರ ಮನೆಯ ತೆಲುಗಿನಲ್ಲಿ ಪಿನ್ನೀಸು ಅನ್ನುತ್ತಾರೆ, ಆ ಹೆಸರು ಅವನಿಗೇ ಅಂಟಿತು. ತಮಾಷೆ ಏನಂದರೆ ಅವರಮ್ಮ ದಿನವಿಡೀ ಜೀನ್ಸ್ ಪ್ಯಾಂಟುಗಳ ರಾಶಿ ಮಧ್ಯೆಯೇ ಕೂತಿರುತ್ತಿದ್ದರು. ಹೊಲಿದ ಪ್ಯಾಂಟಿನ ಗಂಟು ತಂದು ಹಾಕಿದರೆ, ಹೆಚ್ಚಿಗೆ ಉಳಿದ ದಾರ ಕತ್ತರಿಸಿ ಕೊಡೋದು ಅವರ ಕೆಲಸ, ಪ್ಯಾಂಟಿಗೆ ಇಷ್ಟು ಅಂತ ಕೂಲಿ. ಬೆರಳ ತುದಿಯೆಲ್ಲ ನೀಲಿ. ಊರವರ ಪ್ಯಾಂಟಿನ ದಾರ ತೆಗೆಯೋದರಲ್ಲಿ ಮಗನ ಅಂಗಿಗೆ ದಾರ ಹಾಕೋಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಆ ಪಿನ್ನೇ ಓಣಿ ಹುಡುಗರಿಗೆಲ್ಲ ಆಸ್ಪತ್ರೆ. ರೈಲ್ವೆ ಹಳಿ ದಾಟಿದರೆ ಬಯಲು, ಬಯಲ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನೂ ತೂರಿಕೊಂಡು ಬರುತ್ತೆ, ನಾವು ಚಪ್ಪಲಿ ಹಾಕಿದ್ದರೆ ತಾನೇ. ಚೆಂಡು ಹುಡುಕೋಕೆ ಹೋಗುತ್ತಿದ್ದೆವು, ಇಲ್ಲವೇ ಆಡುಗಳ ಜೊತೆ ಪೈಪೋಟಿ ಮೇಲೆ ಅದರ ಹಳದಿ ಕಾಯಿ ಆರಿಸಿ ಚೀಪೋಕೆ. ಸಿಹಿಯಾಗಿರುತ್ತೆ, ನಿಜ ಹೇಳ್ತೀನಿ. ಮುಳ್ಳು ಚುಚ್ಚಿದವನು ಕುಂಟುತ್ತಾ ಬಂದು ಕಟ್ಟೆ ಮೇಲೆ ಕೂತರೆ ಪಿನ್ನೀಸು ಅವನ ಕಾಲನ್ನು ತನ್ನ ತೊಡೆ ಮೇಲೆ ಎಳೆದುಕೊಂಡು, ಹೆಬ್ಬೆರಳಿಗೆ ಉಗುಳು ಹಚ್ಚಿ ಮಣ್ಣು ಒರೆಸಿ, ಅಂಗಿಯಿಂದ ಪಿನ್ನು ಬಿಚ್ಚಿ, "ಮೂರು ಅಂದಾಗ ತೆಗಿತೀನಿ, ಅಲುಗಾಡಬ್ಯಾಡಲೇ" ಅನ್ನುತ್ತಿದ್ದ. ಒಕಟಿ, ರೆಂಡು... ರೆಂಡಕ್ಕೇ ಎತ್ತಿಬಿಡುತ್ತಿದ್ದ. ಪ್ರತಿ ಸಲ ಮೋಸ. ಆದರೂ ಪ್ರತಿ ಸಲ ನಾವು ಮೂರಕ್ಕೆ ಅಂತ ಹಲ್ಲು ಕಚ್ಚಿ ಕಾಯುತ್ತಿದ್ದೆವು.

ಒಂದೇ ಸಲ ಅವನ ಕೈ ತಪ್ಪಿತು, ಅದು ನನ್ನ ಕಾಲಲ್ಲಿ. ಬೇಸಿಗೆ ರಾತ್ರಿ. ಬಳ್ಳಾರಿ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತೆ, ಒಳಗೆ ಮಲಗೋಕಾಗಲ್ಲ, ಎಲ್ಲರ ಹಾಸಿಗೆ ಮಾಳಿಗೆ ಮೇಲೆ. ಟಾರ್ಚು ಬೆಳಕಲ್ಲಿ ಕೆದಕಿದ, ತುದಿ ಒಳಗೇ ಮುರಿಯಿತು. ಮರುದಿನ ಎಕ್ಕದ ಹಾಲು ಹಚ್ಚಿದ್ದಾಯಿತು, ಬರಲಿಲ್ಲ. ಹದಿನೈದು ದಿನ ಕುಂಟಿದೆ. ನನಗೆ ಕುಂಟ ಅಂತ ಹೆಸರು ಬಿತ್ತು, ಕುಂಟೋದು ನಿಂತರೂ ಹೆಸರು ನಿಲ್ಲಲಿಲ್ಲ. ಪಿನ್ನೀಸು ಎಲ್ಲಿಂದ ದುಡ್ಡು ತಂದನೋ, ಒಂದು ಸಂಜೆ ಒಗ್ಗರಣೆ ಮಿರ್ಚಿ ಕೊಡಿಸಿದ. ತಾನು ತಿನ್ನಲಿಲ್ಲ.

ಅವನು ತೆಲುಗು ಶಾಲೆ, ನಾನು ಕನ್ನಡ ಶಾಲೆ. ಬಳ್ಳಾರಿಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ, 1953ರ ತನಕ ಮದ್ರಾಸಿಗೆ ಸೇರಿದ್ದ ಊರು, ಓಣಿಯಲ್ಲಿ ಜಗಳವಾದರೆ ಬೈಗುಳಕ್ಕೆ ಕನ್ನಡ, ತೆಲುಗು, ಉರ್ದು ಯಾವುದು ಬಾಯಿಗೆ ಬಂತೋ ಅದು. ಆದರೆ ಶಾಲೆ ಬೇರೆ ಆಗಿದ್ದಕ್ಕೆ ಹಾಜರಿ ಕೂಗುವಾಗ ಅವನ ಹೆಸರು ನನ್ನ ಕಿವಿಗೆ ಬೀಳಲೇ ಇಲ್ಲ. ಅಪ್ಪನಿಗೆ ವರ್ಗವಾಗಿ ನಾವು ಊರು ಬಿಟ್ಟೆವು. ಈಗ ಫೇಸ್‌ಬುಕ್‌ನಲ್ಲಿ ಹುಡುಕೋಣ ಅಂದರೆ ಏನಂತ ಹುಡುಕಲಿ? ಆ ಜಾಲಿದೂ ಇದೇ ಕಥೆ ಅಲ್ವಾ. ದೂರದ ಅಮೆರಿಕ ಖಂಡದಿಂದ ಬಂದ ಗಿಡ, ಪುಸ್ತಕದಲ್ಲಿ ಪ್ರೊಸೋಪಿಸ್ ಜೂಲಿಫ್ಲೋರಾ, ಹಾಗಂತ ಹೇಳಿದರೆ ಓಣಿಯಲ್ಲಿ ಒಬ್ಬರಿಗೂ ಗುರುತು ಸಿಗಲ್ಲ.

ಹೋದ ವರ್ಷ ಮದುವೆಯೊಂದಕ್ಕೆ ಬಳ್ಳಾರಿಗೆ ಹೋದವನು ಸುಮ್ನೆ ಓಣಿಗೂ ಹೋದೆ. ಬಯಲಲ್ಲಿ ಮನೆಗಳು ಎದ್ದಿವೆ. ಖಾಲಿ ಸೈಟುಗಳಲ್ಲಿ ಮಾತ್ರ ಜಾಲಿ ಮತ್ತೆ ಚಿಗುರಿದೆ, ಕಡಿದಷ್ಟೂ ಬರುವ ಜಾತಿ ಅದು. ಮೂಲೆ ಮನೆಯ ಅಜ್ಜಿ ಇನ್ನೂ ಇದ್ದಾರೆ. ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಅಪ್ಪನ ಆಫೀಸೂ ಹೇಳಿದೆ. "ಗುರ್ತು ಸಿಗವಲ್ದಪ್ಪಾ" ಅಂದರು. ಕೊನೆಗೆ ನಾಚಿಕೆ ಬಿಟ್ಟು, "ಅಜ್ಜಿ, ನಾನು ಕುಂಟ" ಅಂದೆ.

"ಅಯ್ಯ, ಕುಂಟನೇನು! ಮೊದ್ಲೇ ಹೇಳಬಾರ್ದಾ" ಅಂತ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. ಪಿನ್ನೀಸು ಮನೆಯವರು ಗುಂತಕಲ್ ಕಡೆ ಹೋದರಂತೆ. "ನಾಕೈದು ವರ್ಷದ ಕೆಳಗ ಅವನೂ ಬಂದಿದ್ದ. ಕುಂಟ ಎಲ್ಲಿದಾನ ಅಂದ. ನಿನ್ನ ಹೆಸರು ಕೇಳಿದ. ನನಗೇನು ಗೊತ್ತು, ಕುಂಟ ಅಂದೆ."

"ಅವನ ಹೆಸರೇನಜ್ಜಿ?"

ಅಜ್ಜಿ ಸುಮಾರು ಹೊತ್ತು ಗುಡ್ಡದ ಕಡೆ ನೋಡುತ್ತಾ ಕೂತರು. ಆಮೇಲೆ, "ಪಿನ್ನೀಸು" ಅಂದರು.