ಹೆಸರು ಪೆಂಗ್ವಿನ್ನಿಗೆ, ಪಾಡು ಕರಡಿಗೆ

ಚಿಲ್ಲಿ ವಿಲ್ಲಿ ಕಾರ್ಟೂನ್ ಅಂದರೆ ಸಾಕು, ಎಲ್ಲರೂ ಆ ಪುಟಾಣಿ ಪೆಂಗ್ವಿನ್‌ನನ್ನೇ ಹಾಡಿ ಹೊಗಳ್ತಾರೆ. ನನ್ನ ತಕರಾರು ಇರೋದೇ ಅಲ್ಲಿ. 1955ರ 'ದ ಲೆಜೆಂಡ್ ಆಫ್ ರಾಕಬೈ ಪಾಯಿಂಟ್' ಅನ್ನೋ ಆರೇಳು ನಿಮಿಷದ ಕಾರ್ಟೂನ್ ನೋಡಿ. ಅಲ್ಲಿ ನಗಿಸೋದೆಲ್ಲ ಹಿಮಕರಡಿ.

(ಹಿಮಕರಡಿ ಉತ್ತರದ್ದು, ಪೆಂಗ್ವಿನ್ ದಕ್ಷಿಣದ್ದು, ಇಬ್ಬರೂ ಒಂದೇ ಕಡೆ ಹೇಗೆ ಸೇರಿದರು ಅಂತ ಕೇಳೋರು ದಯವಿಟ್ಟು ಮುಂದೆ ಓದಬೇಡಿ.)

ಹಡಗಿನ ತುಂಬ ಟ್ಯೂನಾ ಮೀನು. ಕರಡಿಗೂ ಬೇಕು, ಪೆಂಗ್ವಿನ್ನಿಗೂ ಬೇಕು. ಕಾವಲಿಗೆ ಒಂದು ಬುಲ್‌ಡಾಗ್. ಕಚ್ಚಿತು ಅಂದರೆ ಬಿಡೋ ಜಾತಿಯಲ್ಲ, ಆದರೆ ಜೋಗುಳ ಕಿವಿಗೆ ಬಿದ್ದರೆ ಮಾತ್ರ ಹಸುಗೂಸು. ಪೆಂಗ್ವಿನ್ ನಾಯಿಯನ್ನ ಎಬ್ಬಿಸುತ್ತೆ, ನಾಯಿ ಸಿಕ್ಕಿದ ಕರಡಿಗೆ ಬಾಯಿ ಹಾಕುತ್ತೆ, ಕರಡಿ ನೋವು ನುಂಗಿಕೊಂಡು ಅದನ್ನೇ ತೂಗಿ ಮಲಗಿಸುತ್ತೆ. ಮತ್ತೆ ಪೆಂಗ್ವಿನ್ ಹಾಜರು. ಕೊನೆವರೆಗೂ ಇದೇ ಕಥೆ.

ಒಂದೇ ಹಾಸ್ಯವನ್ನ ಅಷ್ಟು ಸಲ ಹೇಳಿದರೂ ಹಳಸಲ್ಲ ಯಾಕೆ? ಕರಡಿಯ ಮುಖ ನೋಡಿ. ತನ್ನನ್ನ ಕಚ್ಚಿದವನಿಗೇ ದನಿ ತಗ್ಗಿಸಿ, ರಾಗ ತಪ್ಪದ ಹಾಗೆ ಹಾಡಬೇಕು. ಕಿರುಚೋ ಹಾಗಿಲ್ಲ, ಓಡೋ ಹಾಗಿಲ್ಲ. ಅರ್ಧ ಗಂಟೆ ತೊಟ್ಟಿಲು ತೂಗಿ, ಕೂಸು ಕಣ್ಣು ಮುಚ್ಚಿದ ಗಳಿಗೆಗೇ ಕುಕ್ಕರ್ ಕೂಗಿದಾಗ ಅಮ್ಮಂದಿರ ಮುಖ ಹೇಗಾಗುತ್ತೋ, ಹಾಗೆ. ಕಾರ್ಟೂನ್ ಅಂದರೆ ಬರೀ ಓಟ, ಬಡಿದಾಟ ಅನ್ನೋರು ಗಮನಿಸಬೇಕು: ಇಲ್ಲಿ ನಗು ಹುಟ್ಟೋದು ಸದ್ದು ನಿಂತ ಆ ಒಂದೆರಡು ಕ್ಷಣದಲ್ಲಿ, ಈಗ ಎಬ್ಬಿಸ್ತಾನೆ ಅಂತ ನಾವೇ ಉಸಿರು ಬಿಗಿ ಹಿಡಿದಾಗ.

ಇದು ಈ ಕಾರ್ಟೂನಿನ ನಿರ್ದೇಶಕ ಟೆಕ್ಸ್ ಏವರಿಯ ಹಳೇ ಚಾಳಿ. ಎಂಜಿಎಂ ಸ್ಟುಡಿಯೋದಲ್ಲಿದ್ದಾಗಲೇ, 1952ರಲ್ಲಿ, ಸದ್ದಾದರೆ ಕೆಟ್ಟೆವು ಅನ್ನೋ ಇದೇ ಎಳೆ ಹಿಡಿದು 'ರಾಕ್-ಎ-ಬೈ ಬೇರ್' ಮಾಡಿದ್ದ. ಅಲ್ಲಿ ಮಲಗಿದ್ದು ಕರಡಿ. ಇಲ್ಲಿ ಮಲಗಿಸೋ ಕೆಲಸ ಕರಡಿಯ ತಲೆಗೆ ಬಂತು. ಆಮೇಲೆ ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋಗೆ ಬಂದವನು ನಾಲ್ಕೇ ಚಿತ್ರ ಮಾಡಿ ಎದ್ದು ಹೋದ. ಆ ನಾಲ್ಕರಲ್ಲಿ ಎರಡು ಆಸ್ಕರ್ ನಾಮನಿರ್ದೇಶನ ಪಡೆದವು, ಇದೂ ಒಂದು. ಪ್ರಶಸ್ತಿ 'ಸ್ಪೀಡಿ ಗೊನ್ಸಾಲೆಸ್' ಅನ್ನೋ ಇಲಿಯ ಕಾರ್ಟೂನ್ ಪಾಲಾಯ್ತು. ಆ ಇಲಿಯ ಮೇಲೆ ನನಗೆ ಸಿಟ್ಟಿಲ್ಲ, ಆದರೂ ನನ್ನ ಓಟು ಕರಡಿಗೇ.

ಕೊನೆಯಂತೂ ಕ್ರೂರ. ಈ ಕಥೆಯನ್ನ ನಮಗೆ ಹೇಳೋದು ಒಬ್ಬ ಮುದುಕ ನಾವಿಕ. ಅವನು ತೋರಿಸೋ ಬಂಡೆಯ ತುದಿಯಲ್ಲಿ ಕರಡಿ ಇನ್ನೂ ಕೂತಿದೆ, ಮುದಿಯಾಗಿದೆ, ನಾಯಿಯನ್ನ ತೂಗುತ್ತಲೇ ಇದೆ. ಮಕ್ಕಳು ಬಿದ್ದು ಬಿದ್ದು ನಗ್ತಾರೆ. ನೈಟ್ ಶಿಫ್ಟ್ ಮಾಡಿದವರು ಸ್ವಲ್ಪ ತಡವಾಗಿ ನಗ್ತಾರೆ.

ಏವರಿ ಹೋದಮೇಲೂ ಬೇರೆಯವರ ಕೈಯಲ್ಲಿ ಚಿಲ್ಲಿ ವಿಲ್ಲಿ ವರ್ಷಗಟ್ಟಲೆ ಓಡಿತು. ಅದರಲ್ಲಿ ಕೆಲವನ್ನ ನೋಡಿದೆ. ಪೆಂಗ್ವಿನ್ ಇನ್ನೂ ಮುದ್ದಾಗಿಯೇ ಇದೆ, ನನಗೆ ಮಾತ್ರ ನಗು ಬರಲಿಲ್ಲ.